ಮೂರನೆಯ ಕೂಗಿಗೆ ಓ

ರೇಷನ್ ಡಿಪೋದ ಗುಮಾಸ್ತನಿಗೂ ನನಗೂ ವಾರಕ್ಕೊಂದು ಜಗಳ ತಪ್ಪಿದ್ದಲ್ಲ. ಅವನು ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಂಡು ‘ಗಿರಿಜಮ್ಮಾ’ ಎಂದು ಕೂಗುತ್ತಾನೆ. ನಾನು ಚೀಲ ಹಿಡಿದು ಅವನ ಎದುರಿಗೇ ನಿಂತಿರುತ್ತೇನೆ. ಕೂಗು ಕಿವಿಗೆ ಬಿದ್ದಿರುತ್ತದೆ. ಗಿರಿಜಮ್ಮ ಎಂದರೆ ನಾನೇ ಎಂಬುದೂ ಗೊತ್ತಿರುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಅವನು ಇನ್ನೊಂದು ಸಲ ಕೂಗಿ, ಅತ್ತ ಇತ್ತ ನೋಡಿ, ನನ್ನ ಕಾರ್ಡನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿಬಿಡುತ್ತಾನೆ. ಆಗ ನಾನು ಜಗಳಕ್ಕೆ ನಿಲ್ಲುತ್ತೇನೆ.

“ಏನಮ್ಮಾ ನೀನು, ಎಲ್ಡು ಕಿತ ಕೂಗಿದ್ನಲ್ಲ, ಎದುರ್ಗೇ ನಿಂತ್ಕಂಡು ಓ ಅಂತ ಪಲಕಬಾರ್ದಾ?” ಎನ್ನುತ್ತಾನೆ ಅವನು.

“ಮೂರ್ನೇ ಕಿತ ಕೂಗಬೇಕಾಗಿತ್ತು ಕಣಪ್ಪ” ಎನ್ನುತ್ತೇನೆ ನಾನು.

ಸಾಲಿನಲ್ಲಿ ನಿಂತವರು ನಗುತ್ತಾರೆ. ಹಿಂದೂಪುರದಲ್ಲಿ ನನಗೆ ಕಿವುಡು ಗಿರಿಜಮ್ಮ ಎಂದು ಹೆಸರು ಬಿದ್ದಿರುವುದು ಹೀಗೆ. ನಮ್ಮ ಯಜಮಾನರು ಅದನ್ನು ನಂಬಿ ಒಮ್ಮೆ ನನ್ನನ್ನು ಡಾಕ್ಟರ ಬಳಿಗೂ ಕರೆದುಕೊಂಡು ಹೋದರು. ಡಾಕ್ಟರು ಸಣ್ಣ ದೀಪ ಹಿಡಿದು ಎರಡು ಕಿವಿಯನ್ನೂ ಇಣುಕಿ ನೋಡಿ, ನನ್ನ ಬೆನ್ನ ಹಿಂದೆ ನಿಂತು ಮೆಲ್ಲಗೆ ‘ಗಿರಿಜಮ್ಮಾ’ ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಜೋರಾಗಿ ಎಂದರು. ಆಗಲೂ ಸುಮ್ಮನಿದ್ದೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಯಜಮಾನರ ಕಡೆ ತಿರುಗುವ ಹೊತ್ತಿಗೆ ಬೀದಿಯಲ್ಲಿ ಜಟಕಾದವನು ‘ಇವರು ಬರೋಗಂಟ ನಾನೊಂದು ಕಾಫಿ ಕುಡ್ಕಂಡ್ ಬತ್ತೀನಿ’ ಎಂದು ಯಾರಿಗೋ ಹೇಳಿದ. ನಾನು ಒಳಗಿನಿಂದಲೇ ‘ನೀನು ಹೋದ್ರೆ ನಾವು ಬೇರೆ ಗಾಡಿ ನೋಡ್ಕತೀವಿ’ ಎಂದೆ. ಡಾಕ್ಟರು ದೀಪ ಆರಿಸಿದರು. ಆವತ್ತಿನಿಂದ ಯಜಮಾನರಿಗೆ ನನ್ನ ಕಿವಿಯ ಮೇಲಿನ ಅನುಮಾನ ಹೋಗಿ ತಲೆಯ ಮೇಲೆ ಬಂದಿದೆ.

ಇದು ಕಿವಿಯ ರೋಗವೂ ಅಲ್ಲ, ತಲೆಯದೂ ಅಲ್ಲ. ಗುಡ್ಡದ ರೋಗ. ಚಿಕ್ಕಂದಿನಲ್ಲಿ ಒಂದು ಕಾರ್ತಿಕ ಸೋಮವಾರ ಹತ್ತಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಹೇಳುತ್ತೇನೆ ಕೇಳಿ. ಆದರೆ ಎಲ್ಲ ಕೇಳಿದ ಮೇಲೆ ‘ಹಾಗಾದರೆ ಯಾವುದು ಸರಿ?’ ಎಂದು ನನ್ನನ್ನು ಕೇಳಬೇಡಿ. ಅದೇ ನನಗೂ ತಿಳಿಯದೆ ಇಷ್ಟು ವರ್ಷ ಒದ್ದಾಡುತ್ತಿದ್ದೇನೆ.

ನಮ್ಮದು ಬೆಲ್ಲದ ಮಂಡಿಯ ಮನೆ. ಮನೆಗೆ ತಾತ ಯಜಮಾನರು, ತಾತನಿಗೆ ಅಜ್ಜಿ ಯಜಮಾನಿ. ಅಪ್ಪ ಮಂಡಿಯಲ್ಲಿ ಕೂರುತ್ತಿದ್ದರು. ಅಪ್ಪನ ತಮ್ಮ ಮಲ್ಲಿಕಾರ್ಜುನ ಚಿಕ್ಕಪ್ಪ. ಅವರ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಅದನ್ನು ತೆಗೆದರೆ ಎದುರಿಗೆ ನಿಂತವರು ಹೆಂಗಸೋ ಗಂಡಸೋ ಎಂದು ದನಿ ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಚಿಕ್ಕಪ್ಪನಷ್ಟು ಹೇಳಿದ ಮಾತು ಕೇಳುವವರನ್ನು ನಾನು ಕಂಡಿಲ್ಲ. ಯಾರು ಏನು ಹೇಳಿದರೂ ಕೇಳುತ್ತಿದ್ದರು, ತೊಂದರೆ ಅದೇ. ಊಟವಾದ ಕೂಡಲೇ ಮಲಗಬೇಕು ಎಂದು ಅಜ್ಜಿ ಹೇಳಿದ್ದರು, ಅಡ್ಡಾಡಬೇಕು ಎಂದು ಅವರ ಹಳೇ ಮೇಷ್ಟ್ರು ಹೇಳಿದ್ದರು. ಚಿಕ್ಕಪ್ಪ ಹಾಸಿಗೆ ಬಿಡಿಸಿ, ಅದರ ಸುತ್ತ ನಾಲ್ಕು ಪ್ರದಕ್ಷಿಣೆ ಹಾಕಿ ಮಲಗುತ್ತಿದ್ದರು. ರೈಲು ಹಳಿ ದಾಟಬಾರದು ಎಂದು ಸ್ಟೇಷನ್ನಿನಲ್ಲಿ ಬೋರ್ಡು ಹಾಕಿದ್ದಾರೆಂದು, ಕಣ್ಣು ಹಾಯುವಷ್ಟು ದೂರ ರೈಲಿಲ್ಲದಿದ್ದರೂ ಗೇಟಿನವರೆಗೆ ಸುತ್ತು ಹಾಕಿಕೊಂಡು ಬರುತ್ತಿದ್ದರು. ನಾವೆಲ್ಲ ಹಳಿ ದಾಟಿ ಮನೆ ಸೇರಿ ಕಾಲು ತೊಳೆದಿರುತ್ತಿದ್ದೆವು.

ಅವರಿಗೆ ತಂದ ಹೆಣ್ಣು ಪಾರ್ವತಿ ಚಿಕ್ಕಮ್ಮ, ಕುಂದುರ್ಪಿ ಕಡೆಯವರು. ಹುಟ್ಟಿದ್ದು ಬೆಳೆದದ್ದು ಕಡಲೆಕಾಯಿ ಹೊಲ, ಕುರಿ ಮಂದೆ, ಗುಡ್ಡಗಳ ನಡುವೆ. ಹೊಲದ ಅಟ್ಟಣೆ ಮೇಲೆ ನಿಂತು ಸಜ್ಜೆಗೆ ಬೀಳುವ ಗಿಣಿ ಹಿಂಡನ್ನು ಓಡಿಸುವುದು ಮದುವೆಯಾಗುವವರೆಗೂ ಅವರ ಕೆಲಸ. ಕವಣೆ ಕಲ್ಲು ಬೇಕಾಗಿರಲಿಲ್ಲ, ಅವರ ಗಂಟಲೇ ಸಾಕಾಗಿತ್ತು. ಆ ಗಂಟಲು ನಮ್ಮ ಮನೆಗೆ ಬಂದ ಹೊಸತರಲ್ಲಿ ಒಂದು ಅನಾಹುತ ಮಾಡಿತು. ಚಿಕ್ಕಪ್ಪ ಬೆಲ್ಲ ನೋಡಲು ಪರಿಗಿಗೆ ಹೋಗಿದ್ದರು. ಚಿಕ್ಕಮ್ಮ ಹಿತ್ತಲಿನಿಂದ ‘ಅತ್ತೇ, ಹಾಲು ಉಕ್ತಾ ಐತೇ’ ಎಂದು ಕೂಗಿದರು, ಅಷ್ಟೇ. ಮಂಡಿಯ ಹಮಾಲಿಗಳು ಮೂಟೆ ಬಿಸಾಕಿ ಬೆಂಕಿ ಬಿದ್ದಿದೆಯೆಂದು ಕೊಡಗಳ ಸಮೇತ ನಮ್ಮ ಮನೆಗೆ ನುಗ್ಗಿದರು.

ಅಜ್ಜಿ ಅವರನ್ನೆಲ್ಲ ಸಾಗಹಾಕಿ, ಸೊಸೆಯನ್ನು ಕೂರಿಸಿಕೊಂಡು ಹೇಳಿದರು: “ತಾಯಿ, ಇದು ಹೊಲ ಅಲ್ಲ, ಬಜಾರು ಬೀದಿ. ನಿನ್ ಗಂಟ್ಲಲ್ಲಿ ಊರಿಗೆ ಊರೇ ಕೇಳ್ತದೆ. ಮೆಲ್ಲಕ್ಕೆ ಮಾತಾಡು ಕಣಮ್ಮ.”

ಪಾಪ, ಚಿಕ್ಕಮ್ಮನಿಗೆ ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂಬ ಅಳತೆ ಗೊತ್ತಿರಲಿಲ್ಲ. ಆವತ್ತಿನಿಂದ ಪಿಸುಮಾತಿಗೆ ಇಳಿದವರು ಮೇಲೆ ಏಳಲೇ ಇಲ್ಲ. ಸಾಯಂಕಾಲ ಪರಿಗಿಯಿಂದ ಬಂದ ಚಿಕ್ಕಪ್ಪನಿಗೆ ಸಿಕ್ಕಿದ್ದು ಪಿಸುಮಾತಿನ ಹೆಂಡತಿ. ಆಕೆಗೆ ಬೇರೆ ದನಿ ಇದೆಯೆಂದು ಅವರಿಗೆ ಯಾರೂ ಹೇಳಲಿಲ್ಲ.

ಮುಂದೆ ಚಿಕ್ಕಪ್ಪ ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಅಂಗಡಿ ಹಾಕಿದರು. ಅಲ್ಲಿ ಅವರು ಕಳೆದ ಮೊದಲ ಕಾರ್ತಿಕದಲ್ಲಿ ನಾವೆಲ್ಲ ವನಭೋಜನಕ್ಕೆಂದು ಹಿಂದೂಪುರದಿಂದ ಹೊರಟೆವು. ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದರು. ತಾತ, ಅಜ್ಜಿ, ಅಪ್ಪ, ನಾನು ಇಷ್ಟೇ ಜನ. ಮೋಟಾರು ಬಸ್ಸು ಆಗ ಹೊಸದು. ಅಜ್ಜಿ ಅದರೊಳಗೆ ಕುಳಿತು, ಗಾಡಿಯ ಎತ್ತುಗಳಿಗೆ ಅನ್ನುವಂತೆ, ಏರು ಬಂದಾಗಲೆಲ್ಲ ‘ಅಯ್ಯೋ ಪಾಪ’ ಎನ್ನುತ್ತಿದ್ದರು. ವನಭೋಜನ ನಿಮಗೆ ಗೊತ್ತಿರಬೇಕು. ಕಾರ್ತಿಕದಲ್ಲಿ ಒಂದು ದಿನ ಊರ ಹೊರಗೆ ನೆಲ್ಲಿಮರದ ಕೆಳಗೆ ಪೂಜೆ ಮಾಡಿ, ಅಲ್ಲೇ ಎಲೆ ಹಾಕಿ ಉಣ್ಣುವುದು. ಕಲ್ಯಾಣದುರ್ಗದವರು ಇದಕ್ಕೆ ಕುಂದುರ್ಪಿ ದಾರಿಯ ದೊಣೆಗುಡ್ಡಕ್ಕೆ ಹೋಗುತ್ತಿದ್ದರು. ಗುಡ್ಡದ ಅರ್ಧದಲ್ಲಿ ಒಂದು ಸಣ್ಣ ಬಯಲು, ಅಲ್ಲಲ್ಲಿ ನೆಲ್ಲಿಮರ. ಹಿಂಬದಿಯಲ್ಲಿ ಬರೀ ಹೆಬ್ಬಂಡೆ, ಗವಿ, ಮುಳ್ಳುಕಂಟಿ. ಆ ಬಂಡೆಗಳ ನಡುವೆ ಎಲ್ಲೋ ಬೇಸಗೆಯಲ್ಲೂ ಬತ್ತದ ನೀರಿನ ದೊಣೆ. ಆಚೆ ಇಳಿದರೆ ಚಿಕ್ಕಮ್ಮನ ತವರು ಹಳ್ಳಿ. ಅವರ ಕಡೆಯವರು ಯಾರೂ ಬಂದಿರಲಿಲ್ಲ. ಅದು ಕಡಲೆಕಾಯಿ ಕೀಳುವ ಕಾಲ.

ಗುಡ್ಡವೆಲ್ಲ ಸರ್ಕಾರದ ರಿಸರ್ವು ಕಾಡು. ಎತ್ತಿನ ಗಾಡಿ ಇಳಿದ ಕಡೆ ಒಂದು ಸುಣ್ಣ ಬಳಿದ ಗಡಿಕಲ್ಲು, ಅದರ ಪಕ್ಕದಲ್ಲಿ ಖಾಕಿ ತೊಟ್ಟ ಗಾರ್ಡು ಓಬುಳೇಸು. ಅವನು ಎಡಗೈಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ, ಬಲಗೈಯಲ್ಲಿ ಕೋಲು ಹಿಡಿದು, ಬಂದವರಿಗೆಲ್ಲ ಒಂದೇ ಉಸಿರಿನಲ್ಲಿ ಕಾಯಿದೆ ಹೇಳುತ್ತಿದ್ದ.

“ಇಕ್ಕಡಿಂದ ಗೌರ್ಮೆಂಟು ಸ್ವಾಮೀ. ಕಲ್ಲಿಂದ ಆಚೆ ಬೆಂಕಿ ಹಾಕಂಗಿಲ್ಲ. ಒಬ್ಬೊಬ್ಬರೇ ಹೋಗಂಗಿಲ್ಲ. ಎಲುಗುಬಂಟ್ಲು ಉಂಡಾಯಿ! ಸದ್ದು ಮಾಡ್ಕಂತ ಹೋಗ್ರಿ, ಸದ್ದು ಕೇಳಿದ್ರೆ ಅದೇ ಹೋಯ್ತದೆ. ದಾರಿ ತಪ್ಪಿದ್ರೆ ತಿರುಗಬೇಡ್ರಿ, ಇದ್ದ ಕಡೇನೇ ಕುಂತ್ಕಳ್ರಿ.”

ತಾತ ಎರಡೂ ಕೈ ಎತ್ತಿ ಅವನ ಬಾಯಿ ಮುಚ್ಚಿಸಲು ಹೋದರು. ಗುಡ್ಡ ಹತ್ತುವಾಗ ಕರಡಿಯ ಹೆಸರು ಹೇಳಬಾರದು, ‘ಕರಿಯ’ ಎನ್ನಬೇಕು ಎಂಬುದು ತಾತನ ಕಾಯಿದೆ. ಇವನೋ ತೆಲುಗಿನಲ್ಲಿ ಗಂಟಲು ಹರಿಯುವಂತೆ ಎಲುಗುಬಂಟಿ ಎಂದುಬಿಟ್ಟಿದ್ದಾನೆ. ತೆಲುಗಿನಲ್ಲಿ ಹೇಳಿದರೆ ದೋಷವಿಲ್ಲ ಎಂದು ಅಪ್ಪ. ಈ ಸೀಮೆಯ ಕರಡಿಗೆ ಎರಡು ಭಾಷೆಯೂ ಬರುತ್ತದೆ ಎಂದು ತಾತ. ನಾವು ಕನ್ನಡದವರೋ ತೆಲುಗಿನವರೋ ಎಂದು ಈಗ ಪೇಪರಿನಲ್ಲಿ ದೊಡ್ಡವರು ಚರ್ಚೆ ಮಾಡುವಾಗ ನನಗೆ ಆ ಗಡಿಕಲ್ಲಿನ ಪಕ್ಕದ ಚರ್ಚೆಯೇ ನೆನಪಾಗುತ್ತದೆ.

ಕಲ್ಲಿನ ಈಚೆ ಅಡುಗೆ ಬಿಸಿ ಮಾಡಿಕೊಂಡು, ಆಚೆ ಹೊತ್ತುಕೊಂಡು ಹೋಗಿ ಉಣ್ಣಬೇಕೆಂದು ತೀರ್ಮಾನವಾಯಿತು. ಅಷ್ಟರಲ್ಲಿ ತಾತ ತಮ್ಮ ಕಾಯಿದೆಯನ್ನೂ ಹೇಳಿಬಿಟ್ಟರು. ಅದರಲ್ಲಿ ಮುಖ್ಯವಾದದ್ದು ಒಂದೇ.

“ನೋಡ್ರಪ್ಪಾ, ಗುಡ್ಡದಲ್ಲಿ ಯಾರಾನಾ ಹೆಸರು ಹಿಡಿದು ಕರೆದ್ರೆ ತಟ್ಟನೆ ಓ ಅನ್ನಬೇಡ್ರಿ. ಅದು ನಮ್ಮೋರೇ ಕರೆದದ್ದು ಅಂತ ಏನು ನಂಬಿಕೆ? ಗುಡ್ಡದಲ್ಲಿ ಇರೋದು ಮೂರು ಕಿತ ಕರೆಯಕಿಲ್ಲ. ಅದೇ ದನಿ, ಅದೇ ಹೆಸರು, ಮೂರು ಕಿತ ಕೇಳಿದ್ರೆ ಮಾತ್ರ ಓ ಅನ್ರಿ.”

ಚಿಕ್ಕಪ್ಪ ತಲೆಯಾಡಿಸಿದರು. ಗಾರ್ಡಿನ ಮಾತಿಗೂ ತಲೆಯಾಡಿಸಿದ್ದರು. ನನಗೆ ಆಗಲೇ ಗೊಂದಲ ಶುರುವಾಗಿತ್ತು. ಸದ್ದು ಮಾಡಬೇಕು, ಆದರೆ ಹೆಸರು ಹಿಡಿದು ಕೂಗಿದರೆ ಯಾರೂ ಓ ಎನ್ನಬಾರದು. ಹಾಗಾದರೆ ಏನೆಂದು ಕೂಗುವುದು? ಕೊನೆಗೆ ಅಜ್ಜಿ ಜೋರಾಗಿ ಶಿವಶಿವಾ ಎನ್ನುತ್ತಲೂ, ನಾನು ತಟ್ಟೆ ಬಡಿಯುತ್ತಲೂ, ತಾತ ಮಾತ್ರ ಬಾಯಿ ಮುಚ್ಚಿಕೊಂಡೂ ಹತ್ತಿದೆವು.

ಊಟದ ವಿಷಯ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಒಬ್ಬಟ್ಟು, ತುಪ್ಪ, ಹುಣಿಸೆಹಣ್ಣಿನ ಚಿತ್ರಾನ್ನ, ಹುಚ್ಚೆಳ್ಳು ಪುಡಿ, ಹುರುಳಿಕಾಯಿ ಪಲ್ಯ, ಮೊಸರನ್ನ. ನಮ್ಮ ಸುತ್ತ ಬೇರೆ ಬೇರೆ ಮರಗಳ ಕೆಳಗೆ ಕಲ್ಯಾಣದುರ್ಗದ ಇನ್ನೂ ಕೆಲವು ಸಂಸಾರಗಳು ಕೂತಿದ್ದವು. ನಡುವೆ ಕಂಟಿಗಳಿದ್ದುದರಿಂದ ಅವರ ಎಲೆಯಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ, ವಾಸನೆ ಮಾತ್ರ ಬರುತ್ತಿತ್ತು. ನಾನು ಮೂರನೆಯ ಒಬ್ಬಟ್ಟಿನಲ್ಲಿ ಮುಳುಗಿದ್ದಾಗ ಚಿಕ್ಕಮ್ಮ ಚಿಕ್ಕಪ್ಪನಿಗೆ ಬಡಿಸುತ್ತಾ ಪಿಸುಗುಟ್ಟಿದ್ದು ಕೇಳಿಸಿತು. ಚಿಕ್ಕವಳಾಗಿದ್ದಾಗ ಕುರಿ ಹಿಂದೆ ಬಂದು ಆ ದೊಣೆಯ ನೀರು ಕುಡಿಯುತ್ತಿದ್ದೆ, ಎಳನೀರಿನ ಹಾಗಿರುತ್ತದೆ, ಕುಡಿದು ಎಷ್ಟು ದಿನ ಆಯಿತೋ ಎಂದರು.

ಎಲೆ ಎತ್ತಿದ ಮೇಲೆ ನೋಡಿದರೆ ಚಿಕ್ಕಪ್ಪ ಇಲ್ಲ. ಹಿತ್ತಾಳೆ ಚೊಂಬೂ ಇಲ್ಲ.

ಮೊದಲು ಯಾರೂ ಹೆದರಲಿಲ್ಲ. ಊಟವಾಗಿದೆ, ಅಡ್ಡಾಡಲು ಹೋಗಿದ್ದಾನೆ, ಸುತ್ತು ಮುಗಿಸಿ ಬಂದು ಮಲಗುತ್ತಾನೆ ಎಂದು ಅಪ್ಪ ನಕ್ಕರು. ನೆರಳು ಉದ್ದವಾಗುತ್ತಾ ಬಂತು. ಚಿಕ್ಕಮ್ಮ ಪಾತ್ರೆ ತೊಳೆದಿಟ್ಟು, ಅದನ್ನೇ ಮತ್ತೆ ತೊಳೆದರು. ಅಪ್ಪ ಎದ್ದು ಬಂಡೆಗಳ ಕಡೆ ಮುಖ ಮಾಡಿ ‘ಮಲ್ಲಾ’ ಎಂದು ಕೂಗಿದರು. ಗುಡ್ಡ ‘ಲ್ಲಾ… ಲ್ಲಾ’ ಎಂದಿತು. ಉತ್ತರವಿಲ್ಲ. ತಾತ ಎದ್ದು ‘ಮಲ್ಲಿಕಾರ್ಜುನಾ’ ಎಂದರು. ತಾತನಿಗೆ ಉಬ್ಬಸ. ಒಂದು ಸಲ ಕೂಗಿದರೆ ಆಮೇಲೆ ಬಹಳ ಹೊತ್ತು ಎದೆ ಹಿಡಿದುಕೊಂಡು ಕೂರಬೇಕು. ಓಬುಳೇಸು ಬಂದು ‘ಮಲ್ಲಪ್ಪ ಸ್ವಾಮೀ’ ಎಂದು ಕೂಗಿ ಡಬ್ಬ ಬಡಿದ. ಡಬ್ಬದ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಿರಲಾರದು. ಅಪ್ಪ ಇನ್ನೊಂದು ಕಡೆ ಹೋಗಿ ‘ಮಲ್ಲಣ್ಣಾ’ ಎಂದು ಮುದ್ದು ಹೆಸರಿನಲ್ಲಿ ಕರೆದು ನೋಡಿದರು. ಗುಡ್ಡ ಎಲ್ಲರಿಗೂ ಉತ್ತರ ಕೊಟ್ಟಿತು, ಚಿಕ್ಕಪ್ಪ ಕೊಡಲಿಲ್ಲ.

ಹಿಂಬದಿಗೆ ಹೋಗಿ ಬಂದ ಓಬುಳೇಸುವಿನ ಮುಖ ಬಿಳಿಚಿಕೊಂಡಿತ್ತು. ಹೊಸದಾಗಿ ಕೆದರಿದ ಹುತ್ತ ನೋಡಿದೆ ಎಂದ. ಕರಡಿ ಗೆದ್ದಲು ತಿನ್ನಲು ಹುತ್ತ ಕೆದರುತ್ತದೆ. ಹೊತ್ತು ಮುಳುಗುವಾಗ ಅದು ಗವಿ ಬಿಟ್ಟು ಹೊರಡುತ್ತದೆ. ಕನ್ನಡಕವಿದ್ದರೂ ಅರ್ಧ ಕಾಣುವ ಮನುಷ್ಯ ಆ ಬಂಡೆಗಳ ನಡುವೆ ಎಲ್ಲಿದ್ದಾನೋ.

ಆಗ ಚಿಕ್ಕಮ್ಮ ಅಜ್ಜಿಯ ಕಿವಿಯ ಹತ್ತಿರ ಬಂದು, “ಅತ್ತೆ, ನಾನು ಕೂಗ್ಲಾ?” ಎಂದರು. ಅಜ್ಜಿ ಅವರ ಮುಖ ನೋಡಿದರು. “ಕೂಗಮ್ಮ” ಎಂದರು.

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಗುಂಡುಕಲ್ಲಿನ ಮೇಲೆ ಹತ್ತಿ ನಿಂತರು. ಗಂಡನ ಹೆಸರು ಹೆಂಡತಿ ಬಾಯಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ಅವನ ಆಯಸ್ಸಿಗೆ ಕುತ್ತು ಎಂದು ಅಜ್ಜಿಯೇ ಹೇಳಿಕೊಟ್ಟದ್ದು. ಹಾಗಾಗಿ ಅವರು ಮನೆಯಲ್ಲಿ ಕರೆಯುವ ಹಾಗೆಯೇ ಕರೆದರು.

“ಏನೂಂದ್ರೇ…!”

ಆ ದನಿಯನ್ನು ನಾನು ಹೇಗೆ ಹೇಳಲಿ. ಮರದ ಮೇಲಿನ ಗೊರವಂಕಗಳೆಲ್ಲ ಒಟ್ಟಿಗೆ ಎದ್ದುಹೋದವು. ಮರುಗಳಿಗೆ ಎಡಗಡೆ ಕಂಟಿಯಿಂದ ಒಬ್ಬ ಗಂಡಸು ‘ಏನೇ, ಏನಾಯ್ತೇ’ ಎಂದು ಕೈಯಲ್ಲಿ ಸೌಟು ಹಿಡಿದು ಓಡಿ ಬಂದ. ಬಲಗಡೆಯಿಂದ ಎಂಜಲು ಕೈಯಲ್ಲೇ ಇನ್ನೊಬ್ಬ. ಮಲಗಿದ್ದವನೊಬ್ಬ ಪಂಚೆ ಸುತ್ತಿಕೊಳ್ಳುತ್ತಲೇ ಬಂದ. ಗುಡ್ಡದಲ್ಲಿದ್ದ ಗಂಡಂದಿರೆಲ್ಲ ಬಂದರು, ಬರಬೇಕಾದವರೊಬ್ಬರನ್ನು ಬಿಟ್ಟು. ತಮ್ಮ ಹೆಂಡತಿಯ ದನಿ ಇದಲ್ಲ ಎಂದು ಗೊತ್ತಾಗಲಿಲ್ಲವೇ ಎಂದು ಅಪ್ಪ ಕೇಳಿದರೆ, ಸೌಟಿನವರು, “ಗೊತ್ತಾಯ್ತು ಸ್ವಾಮಿ. ಆದ್ರೆ ಅವಳೇ ಆಗಿದ್ದು ನಾನು ಬರ್ಲಿಲ್ಲ ಅಂದ್ರೆ ಆಮೇಲೆ ನನ್ ಗತಿಯೇನು?” ಎಂದರು.

ವಿಷಯ ತಿಳಿದು ಅವರೆಲ್ಲ ಒಳ್ಳೆಯ ಮನಸ್ಸಿನಿಂದ ಹುಡುಕಲು ಹೊರಟರು. ಅಪ್ಪನೂ ಓಬುಳೇಸುವೂ ಜೊತೆಗೆ ಹೋದರು. ಬಂಡೆಗಳ ನಡುವೆ ಹೋದವರು ಒಬ್ಬರನ್ನೊಬ್ಬರು ಕಾಣದೆ ಕೂಗತೊಡಗಿದರು. ಅವರ ಹೆಂಡಂದಿರು ತಮ್ಮ ತಮ್ಮ ಗಂಡಂದಿರ ಚಿಂತೆ ಹತ್ತಿ, ಮರಗಳ ಕೆಳಗಿನಿಂದ ‘ಏನೂಂದ್ರೆ’ ‘ಏಮಂಡೀ’ ಎಂದು ಶುರುಮಾಡಿದರು. ಪ್ರತಿ ಕೂಗಿಗೂ ಎಲ್ಲ ಗಂಡಂದಿರೂ ನಿಂತು ತಿರುಗಿ ನೋಡಬೇಕು. ಯಾರು ಕಳೆದುಹೋದವರು, ಯಾರು ಹುಡುಕುವವರು ಎಂಬುದೇ ಗೊತ್ತಾಗದಂತಾಯಿತು. ಗದ್ದಲ ನಿಂತ ಮೇಲೆ ನೋಡಿದರೆ ಗಂಡಸರ ಸುಳಿವಿಲ್ಲ. ಆ ಹೆಂಗಸರೂ ಗಡಿಕಲ್ಲಿನ ಕಡೆ ಇಳಿದಿದ್ದರು. ನೆಲ್ಲಿಮರದ ಕೆಳಗೆ ತಾತ, ಅಜ್ಜಿ, ಚಿಕ್ಕಮ್ಮ, ನಾನು ಉಳಿದೆವು.

ತಾತ ಎದೆ ನೀವಿಕೊಳ್ಳುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು.

“ಅಯ್ಯೋ ಶಿವನೇ, ನಾನೇ ಕೆಡಿಸ್ಬುಟ್ಟೆ ಕಣೇ. ಅವನು ಎಲ್ಲೋ ಕುಂತವ್ನೆ. ಎಲ್ಲಾ ಕೇಳುಸ್ತಾ ಐತೆ ಅವನಿಗೆ. ಮಲ್ಲಾ ಅಂತ ಒಂದು ಕಿತ, ಮಲ್ಲಣ್ಣ ಅಂತ ಒಂದು ಕಿತ, ನಂದೊಂದು ಕಿತ. ಒಂದೇ ದನೀಲಿ ಒಂದೇ ಹೆಸರು ಮೂರು ಕಿತ ಯಾರು ಕರೆದ್ರು? ಯಾರೂ ಇಲ್ಲ! ಅವನು ಎಣಿಸ್ಕಂಡು ಕುಂತವ್ನೆ.”

ಚಿಕ್ಕಪ್ಪನನ್ನು ಬಲ್ಲ ನಮಗೆ ಅದರಲ್ಲಿ ಸಂಶಯ ಬರಲಿಲ್ಲ. ಗಾರ್ಡು ಹೇಳಿದಂತೆ ಇದ್ದಲ್ಲೇ ಕೂತಿದ್ದಾರೆ, ತಾತ ಹೇಳಿದಂತೆ ಬಾಯಿ ಮುಚ್ಚಿಕೊಂಡಿದ್ದಾರೆ. ಎರಡು ಕಾಯಿದೆಯನ್ನೂ ಪಾಲಿಸಿಕೊಂಡು ಕರಡಿಯ ಬಾಯಿಗೆ ಕಾದಿದ್ದಾರೆ. ಈಗ ಯಾರಾದರೂ ಒಬ್ಬರೇ ಮೂರು ಸಲ ಹೆಸರು ಕೂಗಬೇಕು. ತಾತನಿಗೆ ಉಸಿರಿಲ್ಲ. ಅಜ್ಜಿಯ ದನಿ ಪಕ್ಕದ ಮರಕ್ಕೆ ಮುಟ್ಟುವುದಿಲ್ಲ. ನಾನು ಕೂಗಲು ಹೋಗಿ ಅತ್ತುಬಿಟ್ಟೆ. ಅಪ್ಪನನ್ನು ಕಾಯೋಣವೆಂದರೆ ಬಿಸಿಲು ಆಗಲೇ ಬಂಡೆಯ ನೆತ್ತಿಗೆ ಹೋಗಿತ್ತು.

ಮೂವರೂ ಚಿಕ್ಕಮ್ಮನ ಕಡೆ ನೋಡಿದೆವು. ಚಿಕ್ಕಮ್ಮ ಅಜ್ಜಿಯ ಕಡೆ ನೋಡಿದರು. ಕರೆಯದಿದ್ದರೆ ಗಂಡ ಉಳಿಯುವುದಿಲ್ಲ, ಹೆಸರು ಹಿಡಿದು ಕರೆದರೂ ಗಂಡನ ಆಯಸ್ಸಿಗೆ ಕುತ್ತು. ನೀರಿನ ಮಾತೆತ್ತಿದವಳೂ ತಾನೇ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿಗೆ ದೇವರು ಇಂಥ ಲೆಕ್ಕ ಕೊಡಬಾರದಿತ್ತು.

ಅಜ್ಜಿ ಎದ್ದು ನಿಂತು ಸೆರಗು ಕೊಡವಿಕೊಂಡರು. ಗುಡ್ಡಕ್ಕೆ ಬೆನ್ನು ತಿರುಗಿಸಿ ಕೂತರು. ಎರಡೂ ಕೈಯಿಂದ ಎರಡು ಕಿವಿಯನ್ನೂ ಒತ್ತಿ ಮುಚ್ಚಿಕೊಂಡರು.

“ನನಗೇನೂ ಕೇಳ್ಸಕಿಲ್ಲ” ಎಂದರು. “ನಾನು ಕೇಳಿಲ್ಲ ಅಂದ್ಮೇಲೆ ನೀನು ಅಂದಿಲ್ಲ. ಏನೂಂದ್ರೆ, ನೀವೂ ಮುಚ್ಕಳಿ. ಏ ಗಿರಿಜಾ, ನೀನೂ ಮುಚ್ಕಳೇ.”

ತಾತ ಮುಚ್ಚಿಕೊಂಡರು. ನಾನೂ ಅಜ್ಜಿಯ ಪಕ್ಕದಲ್ಲಿ ಕೂತು ಬೆರಳು ಇಟ್ಟುಕೊಂಡೆ. ಮೂವರು ಸಾಲಾಗಿ ಕಿವಿ ಮುಚ್ಚಿಕೊಂಡು ಕಲ್ಯಾಣದುರ್ಗದ ದಿಕ್ಕಿಗೆ ನೋಡುತ್ತಾ ಕೂತದ್ದನ್ನು ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಆದರೆ ನಗುವ ಹೊತ್ತು ಅದಾಗಿರಲಿಲ್ಲ. ಅಜ್ಜಿಯ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಮೊದಲ ಕೂಗು ಬೆರಳಿನ ಆಚೆ ಗುಂಯ್ ಎಂದಿತು. ಎರಡನೆಯದಕ್ಕೆ ನೆಲದಿಂದ ಮೈಗೆ ನಡುಕ ಬಂದಂತಾಯಿತು. ಮೂರನೆಯದಕ್ಕೆ ನನಗೆ ತಡೆಯಲಾಗದೆ ಒಂದು ಬೆರಳು ತೆಗೆದೆ. ‘ಮಲ್ಲಿಕಾರ್ಜುನಾ…’ ಎಂದು ಅದೆಷ್ಟು ಉದ್ದ! ಬಂಡೆಯಿಂದ ಬಂಡೆಗೆ ಆ ಹೆಸರು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಂತೆ, ದಾಟಿಕೊಂಡು ಹೋಯಿತು. ಅದು ಪೂರಾ ನಿಂತ ಮೇಲೆ, ಹಿಂಬದಿಯಿಂದ, ಸಣ್ಣದಾಗಿ, ಬಹಳ ಮರ್ಯಾದೆಯಿಂದ ಒಂದು ದನಿ ಬಂತು.

“ಓ…”

ಆ ಓ ಹಿಡಿದುಕೊಂಡು ಅಪ್ಪನೂ ಓಬುಳೇಸುವೂ ಹೋಗಿ ಅವರನ್ನು ಕೈಹಿಡಿದು ಕರೆತಂದರು. ಕನ್ನಡಕ ಬಂಡೆಯ ಸಂದಿಗೆ ಬಿದ್ದುಹೋಗಿತ್ತು. ಅವರು ಕೂತಿದ್ದ ಕಡೆಯಿಂದ ಎರಡು ಹೆಜ್ಜೆ ಮುಂದಿಟ್ಟಿದ್ದರೆ ಆಳೆತ್ತರದ ಕೊರಕಲು. ಕೆಳಗೆ ಯಾವುದೋ ಪ್ರಾಣಿ ಮೂಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತಂತೆ. ಓಬುಳೇಸುವಿನ ಡಬ್ಬಕ್ಕೆ ಅದು ಹೋಗಲಿಲ್ಲ, ಆ ಕೊನೆಯ ಕೂಗಿಗೆ ಹೋಯಿತಂತೆ. ಚಿಕ್ಕಪ್ಪ ಚೊಂಬನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ಬಂದವರೇ ಅದನ್ನು, ಯಾರು ಎಲ್ಲಿದ್ದಾರೆಂದು ಕಾಣದಿದ್ದರೂ, ಸರಿಯಾಗಿ ಚಿಕ್ಕಮ್ಮನ ಮುಂದೆ ಇಟ್ಟರು. ನೀರು ತುಳುಕಿರಲಿಲ್ಲ.

“ನನ್ನ ಯಾರು ಕರೆದಿದ್ದು?” ಎಂದು ಕೇಳಿದರು.

ಅಪ್ಪ ದೂರದಲ್ಲಿ ಬಂಡೆಗಳ ನಡುವೆ ಇದ್ದವರು, ಮಾರ್ದನಿಯಲ್ಲಿ ಅವರಿಗೆ ಯಾವುದೋ ಹೆಂಗಸಿನ ದನಿ ಎಂದಷ್ಟೇ ಗೊತ್ತು. ತಾತ, “ನನಗೇನೂ ಕೇಳ್ಸಿಲ್ಲ ಕಣಪ್ಪ” ಎಂದರು. ಅಜ್ಜಿ, “ನಾನೂ ಕೇಳ್ಲಿಲ್ಲ” ಎಂದರು. ಇಬ್ಬರೂ ಹೇಳಿದ್ದು ನಿಜವೇ. ಚಿಕ್ಕಪ್ಪ ನನ್ನ ಕಡೆ ತಿರುಗಿದಾಗ ಅಜ್ಜಿ ನನ್ನ ತೊಡೆ ಚಿವುಟಿದರು. ಅದರ ಗುರುತು ಹಿಂದೂಪುರಕ್ಕೆ ವಾಪಸು ಬಂದ ಮೇಲೂ ಇತ್ತು. ಹೀಗೆ ಆ ದನಿಗೆ ಒಡೆಯರಿಲ್ಲದಂತಾಯಿತು. ಗಾಡಿಯಲ್ಲಿ ಬರುವಾಗ ಚಿಕ್ಕಪ್ಪ ಯೋಚಿಸಿ ಯೋಚಿಸಿ, “ಹಂಗಾದ್ರೆ ಗುಡ್ಡದಮ್ಮನೇ ಇರಬೇಕು” ಎಂದರು. ತಾತ ಕೈಮುಗಿದರು. ಚಿಕ್ಕಮ್ಮ ಚೊಂಬಿನ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಯುತ್ತಾ ಕೂತಿದ್ದರು.

ಅಲ್ಲಿಂದ ಮುಂದೆ ಪ್ರತಿ ಕಾರ್ತಿಕದಲ್ಲೂ ಚಿಕ್ಕಪ್ಪ ಗುಡ್ಡದಮ್ಮನ ಕಥೆ ಹೇಳುವುದು, ಕಲ್ಯಾಣದುರ್ಗದವರು ಬಾಯಿ ಬಿಟ್ಟುಕೊಂಡು ಕೇಳುವುದು ನಡೆದುಕೊಂಡು ಬಂದಿದೆ. ಅಂಥ ದನಿ ಭೂಲೋಕದ್ದಲ್ಲ ಎನ್ನುತ್ತಾರೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅವರಿಗೆ ಹೆಮ್ಮೆಯಾಗುತ್ತದೋ, ಆ ಅಮ್ಮನ ಮೇಲೆ ಹೊಟ್ಟೆಕಿಚ್ಚಾಗುತ್ತದೋ, ಮುಖ ನೋಡಿ ಹೇಳಲು ನನ್ನಿಂದ ಆಗಿಲ್ಲ. ನಾನಂತೂ ತಾತನ ಕಾಯಿದೆ ಹಿಡಿಯ ಹೊರಟು ಅರ್ಧಕ್ಕೇ ಸಿಕ್ಕಿಹಾಕಿಕೊಂಡೆ. ಆ ಕಾಯಿದೆ ಚಿಕ್ಕಪ್ಪನನ್ನು ಕೊಲ್ಲುತ್ತಿತ್ತೋ, ಉಳಿಸಿತೋ? ಮೂರನೆಯ ಕೂಗಿಗೇ ಅವರು ಓ ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದಕ್ಕೇ ಡಿಪೋದಲ್ಲಿ ಬಾಯಿ ಕಟ್ಟಿಹೋಗುತ್ತದೆ. ಕರಡಿಯಿಲ್ಲದ ಕಡೆಯೂ ಕಾಯಿದೆ ಬಿಡುತ್ತಿಲ್ಲ.

ಹೋದ ತಿಂಗಳು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ತಾತ, ಅಜ್ಜಿ ಈಗಿಲ್ಲ. ಚಿಕ್ಕಪ್ಪನಿಗೆ ತಲೆ ನರೆತಿದೆ, ಕನ್ನಡಕದ ಗಾಜು ಇನ್ನೂ ದಪ್ಪವಾಗಿದೆ. ಅಂಗಡಿ ಜಗಲಿಯಲ್ಲಿ ನಾವಿಬ್ಬರೇ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆವು. ಬೀದಿಯಲ್ಲಿ ಹೋಗುತ್ತಿದ್ದ ಗಿರಾಕಿಯೊಬ್ಬರು ‘ಮಲ್ಲಿಕಾರ್ಜುನಪ್ಪೋರೇ’ ಎಂದು ಕರೆದರು. ಚಿಕ್ಕಪ್ಪ ಅಲ್ಲಾಡಲಿಲ್ಲ. ಇನ್ನೊಮ್ಮೆ ಕರೆದರು. ಇಲ್ಲ. ಮೂರನೆಯದಕ್ಕೆ ನಿಧಾನವಾಗಿ ಓ ಎಂದು ಮಾತಾಡಿಸಿ ಕಳಿಸಿದರು. ನಾನು ನಕ್ಕು, ನನ್ನ ರೇಷನ್ ಜಗಳವನ್ನು ಹೇಳಿದೆ. ಗುಡ್ಡದಲ್ಲಿ ನೀವು ಮೂರನೆಯ ಕೂಗಿಗೆ ಓ ಎಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ ಎಂದೆ.

ಚಿಕ್ಕಪ್ಪ ಸುಲಿಯುವುದನ್ನು ನಿಲ್ಲಿಸಿದರು.

“ಮೂರ್ನೇದಕ್ಕೆ ಅಲ್ಲ ಕಣಮ್ಮ. ಮೊದಲ್ನೇದಕ್ಕೇ ಅಂದೆ” ಎಂದರು.

“ನಾನು ಕೇಳ್ಲಿಲ್ಲವಲ್ಲ ಚಿಕ್ಕಪ್ಪ!”

“ನೀನು ಕಿವಿ ಮುಚ್ಕಂಡಿದ್ಯೇನೋ.” ಅವರು ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ತಾತ ಹೇಳಿದ್ದು ನೆನಪಿತ್ತು. ಆದ್ರೂ ಬಾಯಿ ನಿಲ್ಲಲಿಲ್ಲ. ಆ ದನೀಲಿ ಭಯ ಇತ್ತು ಕಣೇ. ಗುಡ್ಡದಮ್ಮನಿಗೆ ನನ್ ಬಗ್ಗೆ ಯಾಕೆ ಅಷ್ಟು ಭಯ ಇರ್ತದೆ? ಓ ಅಂದೆ. ಅವಳು ನಿಂತಿದ್ದು ಎತ್ತರದಲ್ಲಿ. ನನ್ನ ಓ ಅವಳಿಗೆ ಕೇಳುಸ್ತು. ಕೂಗು ಅರ್ಧಕ್ಕೇ ತುಂಡಾಯ್ತಲ್ಲ, ನನಗೆ ತಿಳೀತು. ಕೇಳುಸ್ಕಂಡೂ ಇನ್ನೆಲ್ಡು ಕಿತ ಕರೆದ್ಲು.”

ಅವಳು ಎಂದರಲ್ಲ! ಹಾಗಾದರೆ ಇಷ್ಟು ವರ್ಷ ಯಾರು ಯಾರಿಂದ ಮುಚ್ಚಿಟ್ಟದ್ದು? ಚಿಕ್ಕಮ್ಮನಿಗೆ ಇವರಿಗೆ ಗೊತ್ತಿರುವುದು ಗೊತ್ತೇ? ನಾನು ಯಾರ ಗುಟ್ಟನ್ನು ಯಾರಿಗೆ ಹೇಳದೆ ಕಾಯುತ್ತಿದ್ದೇನೆ?

“ಮತ್ತೆ ವರ್ಷ ವರ್ಷ ಗುಡ್ಡದಮ್ಮ ಅಂತೀರಲ್ಲ ಚಿಕ್ಕಪ್ಪ?”

“ಇನ್ನೇನಂತ ಹೊಗಳ್ಲಿ? ಹೆಂಡ್ತಿ ದನಿ ಚೆನ್ನಾಗೈತೆ ಅಂತ ನಾಲ್ಕು ಜನದ ಮುಂದೆ ಹೇಳಿದ್ರೆ ಅವಳು ನಾಚ್ಕಂಡು ಒಳಕ್ಕೆ ಹೋಯ್ತಾಳೆ. ಹಿಂಗೆ ಹೇಳಿದ್ರೆ ನಿಂತ್ಕಂಡು ಕೇಳ್ತಾಳೆ.” ಅವರು ಇನ್ನೊಂದು ಕಡಲೆಕಾಯಿ ಎತ್ತಿಕೊಂಡು, ತಮಗೇ ಹೇಳಿಕೊಳ್ಳುವವರ ಹಾಗೆ ಎಂದರು: “ಓ ಅಂದ್ಮೇಲೂ ಯಾಕೆ ಕರೆದ್ಲೋ. ಅದೊಂದು ಮಾತ್ರ ನನಗೆ ಇವತ್ತಿಗೂ ತಿಳೀಲಿಲ್ಲ ಕಣಮ್ಮ.”

ನನಗೆ ತಿಳಿದಂತೆ ಅನ್ನಿಸಿತು. ಗಂಟಲು ಬಿಟ್ಟು ಆ ಹೆಸರು ಕರೆಯುವ ಅವಕಾಶ ಚಿಕ್ಕಮ್ಮನಿಗೆ ಮತ್ತೆ ಯಾವತ್ತು ಸಿಗುತ್ತಿತ್ತು? ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮನೆಯೊಳಗಿನಿಂದ, ಅಡುಗೆಮನೆಯ ಆಚೆಯಿಂದ ಇರಬೇಕು, ‘ಏನೂಂ…’ ಎಂದು ಒಂದು ಅರ್ಧ ಪಿಸುಮಾತು ಬಂದಂತಾಯಿತು. ಬಂತೋ ಇಲ್ಲವೋ ನನಗೆ ಖಚಿತವಿಲ್ಲ. ಚಿಕ್ಕಪ್ಪ ಆಗಲೇ ‘ಓ’ ಎಂದು ಎದ್ದಿದ್ದರು, ಮಡಿಲಿನ ಕಡಲೆಕಾಯಿಯೆಲ್ಲ ಜಗಲಿಯ ಮೇಲೆ ಚೆಲ್ಲಿತ್ತು.